ನಿಮಗಿದು ಗೊತ್ತೇ? ಸೋತ ಕೇಡು ಎಲ್ಲಿ ಹೋಗುತ್ತದೆ?

◆ ಬೀದರ್ ಜಿಲ್ಲೆಯ ಬೇಮಳಖೇಡದಲ್ಲಿ ಮೋಸಗಾರನೊಬ್ಬ ಸಿಕ್ಕಿಬಿದ್ದ ಸುದ್ದಿ ಬಂದರೆ ನಾಲ್ಕು ಭಾಷೆಯಲ್ಲಿ ತೀರ್ಪು ಹೊರಬೀಳುತ್ತದೆ. ಕನ್ನಡದವರದು ‘ಮಾಡಿದ್ದುಣ್ಣೋ ಮಹಾರಾಯ’. ಉರ್ದು ಮನೆಮಾತಿನವರದು ‘ಜೈಸೀ ಕರ್ನೀ ವೈಸೀ ಭರ್ನೀ’. ಬಸವಕಲ್ಯಾಣದಾಚೆಯ ಮರಾಠಿ ನೆಂಟರು ‘ಕರಾವೇ ತಸೇ ಭರಾವೇ’ ಎಂದರೆ, ಜಹೀರಾಬಾದ್ ಕಡೆಯ ತೆಲುಗರು ‘ಚೇಸುಕುನ್ನವಾಡಿಕಿ ಚೇಸುಕುನ್ನಂತ ಮಹಾದೇವ’ ಎಂದು ಮುಗಿಸುತ್ತಾರೆ. ಕನ್ನಡದ ಗಾದೆ ಮಾಡಿದವನನ್ನೇ ಎದುರಿಗೆ ನಿಲ್ಲಿಸಿ ‘ಉಣ್ಣು’ ಎನ್ನುತ್ತದೆ, ತೆಲುಗಿನ ಗಾದೆ ದೇವರನ್ನು ಸಾಕ್ಷಿಗೆ ಕರೆಯುತ್ತದೆ. ‘ಒಳ್ಳೆಯದು ಗೆಲ್ಲುತ್ತದೆ’ ಎಂದಷ್ಟೇ ಹೇಳಿ ಸುಮ್ಮನಾಗುವ ಮಾತು ಈ ಸೀಮೆಯಲ್ಲಿ ಕಡಿಮೆ. ಯಾವಾಗ ಗೆಲ್ಲುತ್ತದೆ, ಯಾರ ಕೈಯಿಂದ ಗೆಲ್ಲುತ್ತದೆ, ಸೋತವನ ಗತಿ ಏನು ಎಂಬುದನ್ನೇ ಇಲ್ಲಿನ ಗಾದೆ, ಹಬ್ಬ, ಗುಡಿಗಳು ಮತ್ತೆ ಮತ್ತೆ ಕೇಳುತ್ತವೆ.

◆ ‘ಮಾಡಿದ್ದುಣ್ಣೋ ಮಹಾರಾಯ’ ಕನ್ನಡದ ಆರಂಭದ ಕಾದಂಬರಿಗಳಲ್ಲಿ ಒಂದರ ಹೆಸರೂ ಹೌದು. ಎಂ.ಎಸ್. ಪುಟ್ಟಣ್ಣನವರ ಆ ಕಾದಂಬರಿ ಪ್ರಕಟವಾದದ್ದು 1915ರಲ್ಲಿ.

◆ ‘ಉಪ್ಪು ತಿಂದವ ನೀರು ಕುಡಿಯಲೇಬೇಕು.’ ತಪ್ಪು ಮಾಡಿದವನು ಫಲ ಅನುಭವಿಸದೆ ಇರಲಾರ ಎನ್ನುವ ಈ ಗಾದೆಗೆ ಹಾಂಗ್‌ಕಾಂಗ್‌ನಲ್ಲಿ ಒಡಹುಟ್ಟಿದ ತಂಗಿ ಇದ್ದಾಳೆ. ಅಲ್ಲಿನ ಕ್ಯಾಂಟನೀಸ್ ಭಾಷೆಯಲ್ಲಿ ‘ಸಿಕ್ ದಕ್ ಹಾಮ್ ಯೂ, ದೈ ದಕ್ ಹೋತ್’ ಎನ್ನುತ್ತಾರೆ. ಉಪ್ಪುಮೀನು ತಿನ್ನುವ ಧೈರ್ಯವಿದ್ದವನಿಗೆ ಬಾಯಾರಿಕೆ ತಡೆಯುವ ಧೈರ್ಯವೂ ಇರಬೇಕು ಎಂದು ಅರ್ಥ. ಎರಡು ಮಾತಿನ ನಡುವೆ ಒಂದು ವ್ಯತ್ಯಾಸವಿದೆ. ನಮ್ಮ ಗಾದೆಯಲ್ಲಿ ಕೊನೆಗೆ ನೀರಾದರೂ ಸಿಗುತ್ತದೆ. ಅವರದರಲ್ಲಿ ಬಾಯಾರಿಕೆಯಷ್ಟೇ ಉಳಿಯುತ್ತದೆ.

◆ ಕ್ಯಾಂಟನೀಸ್ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್, ಹಾಂಗ್‌ಕಾಂಗ್, ಮಕಾವ್‌ಗಳ ಜನರ ಆಡುಮಾತು. ‘ಕೇಡು ಸತ್ಯವನ್ನು ಗೆಲ್ಲಲಾರದು’ ಎಂಬ ನೇರ ಮಾತು ಅಲ್ಲಿ ಬಹಳ ಹಳೆಯದು. ಆದರೆ ಜನರ ನಾಲಿಗೆಯ ಮೇಲೆ ಹೆಚ್ಚು ಓಡಾಡುವ ಮಾತು ಬೇರೆ. ಒಳ್ಳೆಯದಕ್ಕೆ ಒಳ್ಳೆಯ ಫಲ, ಕೆಟ್ಟದಕ್ಕೆ ಕೆಟ್ಟ ಫಲ, ಇನ್ನೂ ಸಿಗಲಿಲ್ಲವೆಂದರೆ ಗಳಿಗೆ ಇನ್ನೂ ಬಂದಿಲ್ಲ ಎಂದು ಅವರು ಹೇಳುತ್ತಾರೆ. ಆ ಕೊನೆಯ ತುಂಡು ಅನ್ಯಾಯ ಅನುಭವಿಸುತ್ತಿರುವವನ ಹೆಗಲ ಮೇಲೆ ಕೈಯಿಡುವಂಥದು. ಹುಮನಾಬಾದ್, ಚಿಟಗುಪ್ಪ ಕಡೆಯ ಮುಸ್ಲಿಂ ಹಿರಿಯರು ಇದನ್ನೇ ‘ದೇರ್ ಹೈ, ಅಂಧೇರ್ ನಹೀಂ’ ಎನ್ನುತ್ತಾರೆ: ತಡವಾದೀತು, ಕತ್ತಲೆಯಾಗದು. ತಮಿಳರ ಗಾದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅರಸ ಅಂದೇ ಕೊಲ್ಲುತ್ತಾನೆ, ದೈವ ನಿಂತು ಕೊಲ್ಲುತ್ತದೆ ಎಂದು ಇಬ್ಬರ ವೇಗವನ್ನೂ ಅಳೆದಿದೆ.

◆ ‘ಸಾಂಚ್ ಕೋ ಆಂಚ್ ನಹೀಂ.’ ಸತ್ಯಕ್ಕೆ ಬೆಂಕಿಯ ಝಳ ತಾಗದು ಎನ್ನುವ ಈ ಮಾತನ್ನು ಅಕ್ಷರಶಃ ಪರೀಕ್ಷಿಸುವ ವಿಧಾನ ಒಂದು ಕಾಲದ ಕಾನೂನಿನಲ್ಲಿಯೇ ಇತ್ತು. ಅದರ ವಿವರಣೆ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ! ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಅದರಲ್ಲಿ ಐದು ‘ದಿವ್ಯ’ಗಳ, ಅಂದರೆ ಸತ್ಯಪರೀಕ್ಷೆಗಳ, ಮಾತು ಬರುತ್ತದೆ: ತಕ್ಕಡಿ, ಬೆಂಕಿ, ನೀರು, ವಿಷ, ದೇವರ ತೀರ್ಥ. ಬೆಂಕಿಯ ದಿವ್ಯ ಹೀಗಿತ್ತು. ಆರೋಪಿಯ ಅಂಗೈ ಮೇಲೆ ಏಳು ಅರಳಿ ಎಲೆ ಇಟ್ಟು ನೂಲಿನಿಂದ ಕಟ್ಟಬೇಕು. ಅದರ ಮೇಲೆ ಕೆಂಪಗೆ ಕಾದ ಕಬ್ಬಿಣದ ಉಂಡೆ ಇಡಬೇಕು. ಅವನು ನೆಲದ ಮೇಲೆ ಬರೆದ ಏಳು ಮಂಡಲಗಳನ್ನು ಮೆಲ್ಲನೆ ದಾಟಿ ಉಂಡೆಯನ್ನು ಕೆಡವಬೇಕು. ಆಮೇಲೆ ಆ ಕೈಯಲ್ಲಿ ಭತ್ತ ತಿಕ್ಕಿದರೂ ಸುಟ್ಟ ಗಾಯ ಕಾಣದಿದ್ದರೆ ಅವನು ಶುದ್ಧ.

ಇದನ್ನು ಓದಿ ಹಿಂದಿನವರನ್ನು ಹಗುರವಾಗಿ ಕಾಣಬೇಕಾಗಿಲ್ಲ. ಬರೆದ ಪತ್ರ, ಅನುಭೋಗ, ಸಾಕ್ಷಿ ಈ ಮೂರನ್ನೂ ಮೊದಲು ನೋಡಬೇಕು, ಒಂದೂ ಇಲ್ಲದಾಗ ಮಾತ್ರ ದಿವ್ಯ ಎಂದು ಆ ಶಾಸ್ತ್ರವೇ ಕಟ್ಟು ಹಾಕಿದೆ. ಬ್ರಿಟಿಷರ ಕಾಲದ ಕೋರ್ಟುಗಳು ಬಂಗಾಳದ ಕಡೆ ಬಿಟ್ಟು ಇಂಡಿಯಾದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ಪಾಲಿಗೆ ಆಧಾರವಾಗಿ ಹಿಡಿದದ್ದು ಇದೇ ಮಿತಾಕ್ಷರಾವನ್ನು. ಹೊಲದ ಪಾಲಿಗಾಗಿ ಕೋರ್ಟು ಮೆಟ್ಟಿಲು ಹತ್ತಿದ ಎಷ್ಟು ಮನೆತನಗಳ ಕಾಗದದಲ್ಲಿ ಈ ಹೆಸರು ಬಂದಿದೆಯೋ!

◆ ಮರ ಸಾಕ್ಷಿ ಹೇಳಿದ ಕಥೆ ಗೊತ್ತೇ? ಕಲ್ಯಾಣ ಚಾಲುಕ್ಯರ ಅರಸ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಸುಮಾರು 1031ರಲ್ಲಿ ಕನ್ನಡದಲ್ಲಿ ‘ಪಂಚತಂತ್ರ’ ಬರೆದ. ಅದರ ಒಂದು ಕಥೆ ‘ವೃಕ್ಷಸಾಕ್ಷಿ’ ಎಂಬ ಹೆಸರಿನಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಪಾಠವಾಗಿದೆ. ಧರ್ಮಬುದ್ಧಿ, ದುಷ್ಟಬುದ್ಧಿ ಇಬ್ಬರೂ ಗೆಳೆಯರು. ಪರದೇಶಕ್ಕೆ ಹೋಗಿ ದುಡಿದ ಹೊನ್ನನ್ನು ಊರಾಚೆಯ ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ರಾತ್ರಿ ಬಂದು ಎಲ್ಲವನ್ನೂ ಕದ್ದು, ಮರುದಿನ ಧರ್ಮಬುದ್ಧಿಯ ಮೇಲೆ ಕಳವು ಹೊರಿಸುತ್ತಾನೆ. ನ್ಯಾಯ ಹೇಳುವವರು ಸಾಕ್ಷಿ ಕೇಳಿದರೆ ‘ಆ ಆಲದ ಮರವೇ ಸಾಕ್ಷಿ’ ಎನ್ನುತ್ತಾನೆ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವನು ದುಷ್ಟಬುದ್ಧಿಯ ಅಪ್ಪ ಪ್ರೇಮಮತಿ. ಮಗ ‘ನೀನು ಪೊಟರೆಯಲ್ಲಿ ಕೂತು ಮರದ ದನಿಯಲ್ಲಿ ಮಾತಾಡು’ ಎಂದಾಗ, ಇದು ಮನೆ ಮುಳುಗಿಸುವ ಕೆಲಸ ಎಂದು ಅವನಿಗೆ ಗೊತ್ತಾಗುತ್ತದೆ. ಬುದ್ಧಿ ಹೇಳುತ್ತಾನೆ, ಮಗ ಕೇಳುವುದಿಲ್ಲ. ಕೊನೆಗೆ ಹೋಗಿ ಕೂರುತ್ತಾನೆ. ಮರುದಿನ ನೆರೆದ ಜನರ ಮುಂದೆ ಮರ ‘ಧರ್ಮಬುದ್ಧಿಯೇ ಕಳ್ಳ’ ಎಂದು ನುಡಿಯುತ್ತದೆ. ಧರ್ಮಬುದ್ಧಿ ಅಳಲಿಲ್ಲ, ಆಣೆ ಇಡಲಿಲ್ಲ. ಮರದ ಸುತ್ತ ಒಂದು ಸುತ್ತು ಬಂದ, ಪೊಟರೆ ನೋಡಿದ, ಹುಲ್ಲು ಒಟ್ಟಿ ಬೆಂಕಿ ಇಟ್ಟ. ಹೊಗೆಗೆ ಒಳಗಿದ್ದ ಮುದುಕ ಚೀರುತ್ತ ಹೊರಗೆ ಬಿದ್ದ. ಇಲ್ಲಿ ಒಳ್ಳೆಯವನು ಗೆದ್ದದ್ದು ಒಳ್ಳೆಯತನದಿಂದಷ್ಟೇ ಅಲ್ಲ, ಕಣ್ಣು ತೆರೆದು ಮರದ ಸುತ್ತ ತಿರುಗಿ ನೋಡಿದ್ದರಿಂದ. ದುಷ್ಟನ ಪಾಪಕ್ಕೆ ಬೆಂದವನು ಮಾತ್ರ ಮಗನ ಮೋಹಕ್ಕೆ ಸೋತ ಅಪ್ಪ.

◆ ಕಳ್ಳನನ್ನು ಹಿಡಿಯಲು ಬೆಂಕಿಯೂ ಬೇಡ, ಅವನ ಮನಸ್ಸೇ ಸಾಕು ಎನ್ನುವ ಗಾದೆಗಳು ಇನ್ನೊಂದು ಬಗೆ. ಕನ್ನಡದಲ್ಲಿ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ಉರ್ದುವಿನಲ್ಲಿ ಕಳ್ಳನ ಗಡ್ಡದಲ್ಲಿ ಹುಲ್ಲುಕಡ್ಡಿ. ಕ್ಯಾಂಟನೀಸರು ಮಾತ್ರ ಶುದ್ಧನಾದವನ ಕಡೆ ನೋಡುತ್ತಾರೆ: ಮನಸ್ಸಿಗೆ ಚುಚ್ಚುವ ಕೆಲಸ ಮಾಡದವನು ನಡುರಾತ್ರಿ ಬಾಗಿಲು ಬಡಿದರೂ ಬೆಚ್ಚುವುದಿಲ್ಲ. ನನಗೆ ಮೂರರಲ್ಲಿ ಇದೇ ಹೆಚ್ಚು ಇಷ್ಟ. ಒಳ್ಳೆಯವನಿಗೆ ಸಿಗುವ ಬಹುಮಾನ ನಿದ್ದೆ!

◆ ಕಾಗದದಲ್ಲಿ ಬೆಂಕಿ ಸುತ್ತಿಡಲಾಗದು ಎಂದು ಹಾಂಗ್‌ಕಾಂಗ್‌ನವರು. ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಎಂದು ನಮ್ಮ ಹೆಣ್ಣುಮಕ್ಕಳು.

◆ ‘ದೂಧ್ ಕಾ ದೂಧ್, ಪಾನೀ ಕಾ ಪಾನೀ’ ಮಾತಿನ ಹಿಂದೆ ಒಂದು ಮಂಗನ ಕಥೆ ಇದೆ. ಹಾಲಿಗೆ ಅರ್ಧ ನೀರು ಬೆರೆಸಿ ಮಾರಿದ ಹಾಲಿನವನ ದುಡ್ಡಿನ ಚೀಲವನ್ನು ಮಂಗ ಕಸಿದುಕೊಂಡು ಹೊಳೆಯ ದಡದ ಮರ ಏರಿತಂತೆ. ಒಂದು ನಾಣ್ಯ ನೆಲಕ್ಕೆ, ಒಂದು ನಾಣ್ಯ ನೀರಿಗೆ ಎಸೆಯುತ್ತ ಹೋಯಿತಂತೆ. ಹಾಲಿನ ದುಡ್ಡು ಅವನಿಗೆ, ನೀರಿನ ದುಡ್ಡು ನೀರಿಗೆ. ನ್ಯಾಯವಾದ ತೀರ್ಪು ಬಂದಾಗ ನಮ್ಮ ಕಡೆ ಇಂದಿಗೂ ‘ಹಾಲಿಂದು ಹಾಲಿಗೆ, ನೀರಿಂದು ನೀರಿಗೆ’ ಎನ್ನುವುದುಂಟು.

◆ ಈಗ ಸೋತವನ ಗತಿಗೆ ಬರೋಣ. ಬೀದರ್ ಊರಂಚಿನ ಝರಣಿ ನರಸಿಂಹನ ಗುಹೆಗೆ ಹೋದವರಿಗೆ ಗೊತ್ತು, ದೇವರ ಮುಂದೆ ನಿಲ್ಲಬೇಕಾದರೆ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆಯಬೇಕು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ತೆಂಗಿನಕಾಯಿ ಬುಟ್ಟಿಯನ್ನು ತಲೆಯ ಮೇಲೆತ್ತಿ ಹಿಡಿದು, ಒಬ್ಬರ ಹಿಂದೆ ಒಬ್ಬರು ಸಾಗುತ್ತಾರೆ. ತಲೆಯ ಮೇಲೆ ಬಾವಲಿ, ಕಾಲ ಕೆಳಗೆ ಕಾಣದ ನೆಲ.

ಆ ನೀರು ಯಾರು ಗೊತ್ತೇ? ಸ್ಥಳಪುರಾಣದ ಪ್ರಕಾರ ಅದು ರಾಕ್ಷಸ. ನರಸಿಂಹ ಹಿರಣ್ಯಕಶಿಪುವನ್ನು ಕೊಂದ ಮೇಲೆ ಇಲ್ಲಿ ಝರಾಸುರನನ್ನು ಕೊಂದನಂತೆ. ಜಲಾಸುರ ಎಂದು ಕರೆಯುವವರೂ ಉಂಟು. ಸಾಯುವಾಗ ಅವನು, ನೀನು ಇಲ್ಲೇ ನೆಲೆಸು, ನಾನು ನೀರಾಗಿ ನಿನ್ನ ಪಾದ ತೊಳೆಯುತ್ತಿರುತ್ತೇನೆ ಎಂದು ಬೇಡಿಕೊಂಡ. ದೇವರು ಒಪ್ಪಿದ. ಹಾಗಾಗಿ ಇಂದಿಗೂ ಭಕ್ತರು ರಾಕ್ಷಸನನ್ನು ದಾಟಿಯೇ, ಅವನಲ್ಲಿ ತೊಯ್ದೇ ದೇವರ ಮುಂದೆ ನಿಲ್ಲುತ್ತಾರೆ. ಗುಡಿಯ ಹೆಸರಿಗೂ ಅವನ ಹೆಸರೇ ಅಂಟಿಕೊಂಡಿದೆ.

◆ ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನದೂ ಇಂಥದೇ ಕಥೆ. ಮಣಿ, ಮಲ್ಲ ಎಂಬ ಇಬ್ಬರು ದೈತ್ಯರು ಅವನ ಎದುರಾಳಿಗಳು. ಮರಾಠಿಗರು ಅವನನ್ನೇ ಖಂಡೋಬಾ, ಮಲ್ಹಾರಿ ಎನ್ನುತ್ತಾರೆ. ಸಾಯುವ ಗಳಿಗೆಯಲ್ಲಿ ಮಣಿ ಮನಸ್ಸು ತಿರುಗಿ ಭಕ್ತನಾದ, ದೇವರ ಪಕ್ಕದಲ್ಲೇ ಅವನಿಗೂ ಜಾಗ ಸಿಕ್ಕಿತು. ಮಲ್ಲ ಬೇಡಿದ್ದು ಬೇರೆ: ನಿನ್ನ ಹೆಸರಿನ ಮುಂದೆ ನನ್ನ ಹೆಸರು ಇರಲಿ. ಮಾರ್ಗಶಿರದ ಚಂಪಾಷಷ್ಠಿಯ ಹೊತ್ತಿಗೆ ಭಂಡಾರ ಎರಚುತ್ತ ಕೂಗುವ ಒಂದೊಂದು ಕೂಗಿನಲ್ಲೂ ಗೆದ್ದವನ ಹೆಸರಿನೊಳಗೆ ಸೋತವನ ಹೆಸರು ಸೇರಿ ಬರುತ್ತದೆ.

◆ ಮಹಿಷಾಸುರ ಸತ್ತ, ಮೈಸೂರಿಗೆ ಅವನದೇ ಹೆಸರು ಬಂತು ಎನ್ನುತ್ತದೆ ಐತಿಹ್ಯ. ಚಾಮುಂಡಿ ಬೆಟ್ಟ ಹತ್ತಿದವರಿಗೆ ಕತ್ತಿ, ಹಾವು ಹಿಡಿದು ನಿಂತ ಅವನ ದೊಡ್ಡ ಮೂರ್ತಿ ಗುಡಿಗಿಂತ ಮೊದಲೇ ಎದುರಾಗುತ್ತದೆ.

◆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಪ್ರತಿ ಜನವರಿಯಲ್ಲಿ ಸೀಮೆಯನ್ನೆಲ್ಲ ಎಳೆದು ತರುತ್ತದೆ. ಚಿಟಗುಪ್ಪ ತಾಲ್ಲೂಕಿನ ಚಾಂಗಲೇರಾದಲ್ಲೂ ವೀರಭದ್ರನ ಹೆಸರಾದ ಗುಡಿ ಇದೆ. ಪುರವಂತರು ಕತ್ತಿ ಝಳಪಿಸುತ್ತ ಒಡಪು ಹೇಳುವಾಗ ಕೇಳಿ ನೋಡಿ. ಆ ಒಡಪುಗಳ ತಿರುಳು ದಕ್ಷನ ಯಜ್ಞ. ಅಳಿಯನನ್ನು ಕರೆಯದೆ ಅವಮಾನ ಮಾಡಿದ ಮಾವ, ಬೆಂಕಿಗೆ ಬಿದ್ದ ಮಗಳು, ಶಿವನ ಜಡೆಯಿಂದ ಎದ್ದ ವೀರಭದ್ರ, ಉರುಳಿದ ದಕ್ಷನ ತಲೆ. ಅಬ್ಬರದ ನಡುವೆ ಹಲವರು ಮರೆಯುವ ಸಂಗತಿ ಎಂದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ದಕ್ಷನಿಗೆ ಟಗರಿನ ತಲೆ ಜೋಡಿಸಿ ಜೀವ ಕೊಡುತ್ತಾರೆ, ನಿಂತುಹೋದ ಯಜ್ಞವನ್ನು ಅವನ ಕೈಯಲ್ಲೇ ಮುಗಿಸುತ್ತಾರೆ. ವೀರಭದ್ರನ ಮೂರ್ತಿಯ ಕಾಲ ಬಳಿ ಕೈಮುಗಿದು ನಿಂತ ಟಗರು ಮುಖದ ಪುಟ್ಟ ಆಕೃತಿ ಕಂಡರೆ ಅದು ದಕ್ಷನೇ.

◆ ದೀಪಾವಳಿಯ ಪಾಡ್ಯ ಯಾರ ಹಬ್ಬ? ಪಾತಾಳಕ್ಕೆ ತುಳಿಸಿಕೊಂಡ ಬಲಿ ಚಕ್ರವರ್ತಿಯದು. ವರ್ಷಕ್ಕೊಮ್ಮೆ ಅವನು ತನ್ನ ನಾಡು ನೋಡಲು ಬರುತ್ತಾನೆ, ಮನೆಮನೆಯೂ ದೀಪ ಹಚ್ಚುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಂದೇ ಸಗಣಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಹೂವು ಚುಚ್ಚಿ ಬಾಗಿಲ ಮುಂದೆ ಇಡುತ್ತಾರೆ. ಎಳ್ಳಮಾವಾಸ್ಯೆಗೆ ಪಾಂಡವರು ಹೊಲಕ್ಕೂ ಬರುತ್ತಾರೆ. ಬೀದರ್, ಕಲಬುರಗಿ ಕಡೆ ಜೋಳದ ದಂಟಿನ ಕೊಂಪೆಯೊಳಗೆ ಐದು ಕಲ್ಲಿಟ್ಟು ಸುಣ್ಣ ಬಳಿದು ಪೂಜೆ ಮಾಡಿದ ಮೇಲೆಯೇ ಭಜ್ಜಿ, ರೊಟ್ಟಿ, ಅಂಬಲಿಯ ಊಟ. ಕುರುಕ್ಷೇತ್ರ ಗೆದ್ದವರಿಗೆ ನಮ್ಮ ರೈತರು ಕೊಟ್ಟ ಸಿಂಹಾಸನ ಅಷ್ಟೇ ಎತ್ತರದ್ದು: ಕಡಲೆ, ಜೋಳದ ನಡುವೆ ಮೊಣಕಾಲೆತ್ತರದ ಕೊಂಪೆ.

◆ ದಸರೆಯ ಸಂಜೆ ಬೇಮಳಖೇಡದಂಥ ಊರುಗಳಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಊರ ಹೊರಗಿನ ಬನ್ನಿಮರದ ತನಕ ಹೋಗಿ ಬರುವುದಕ್ಕೆ ಸೀಮೋಲ್ಲಂಘನ ಎಂದು ಹೆಸರು. ಬನ್ನಿಯ ಎಲೆ ಹುಣಸೆ ಎಲೆಗಿಂತ ಸಣ್ಣದು, ಟೊಂಗೆಯ ತುಂಬ ಮುಳ್ಳು. ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದು ಊರೊಳಗೆ ಬಂದರೆ ಅದು ಬಂಗಾರ. ಹುಡುಗರು ಮೊದಲು ಮುತ್ಯಾನ (ಅಜ್ಜನ) ಕೈಯಲ್ಲಿ ಇಟ್ಟು ಕಾಲಿಗೆ ಬೀಳುತ್ತಾರೆ. ಮುತ್ಯಾ ಅದನ್ನು ಕಣ್ಣಿಗೊತ್ತಿಕೊಂಡು ಪಟಗದೊಳಗೆ ಸಿಕ್ಕಿಸಿಕೊಳ್ಳುತ್ತಾನೆ. ಆಮೇಲೆ ಮನೆಮನೆ ತಿರುಗಾಟ. ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಎಂಬುದು ಅಂದಿನ ಮಾತು.

ಬದುವಿನ ಜಗಳದಲ್ಲಿ ವರ್ಷವಿಡೀ ಮಾತು ಬಿಟ್ಟವರು ಎದುರುಬದುರಾದರೂ ಬನ್ನಿ ಕೊಡದೆ ಹೋಗುವಂತಿಲ್ಲ. ಕೊಟ್ಟರೆ ಬೇಡ ಎನ್ನುವಂತಿಲ್ಲ. ಕೇಡಿನ ಮೇಲೆ ಒಳಿತಿನ ಗೆಲುವು ಎಂದು ಪಂಚಾಂಗದಲ್ಲಿ ಅಚ್ಚಾದ ವಿಜಯದಶಮಿಯನ್ನು ನಮ್ಮ ಹಳ್ಳಿಗಳು ಇಷ್ಟು ಸರಳ ಕೆಲಸವಾಗಿ ಮಾಡಿಟ್ಟಿವೆ. ಇದಕ್ಕಿಂತ ದೊಡ್ಡ ದಸರೆ ನಾನು ಕಂಡಿಲ್ಲ.

◆ ಪಾಂಡವರು ಅಜ್ಞಾತವಾಸದಲ್ಲಿ ಆಯುಧ ಬಚ್ಚಿಟ್ಟ ಈ ಬನ್ನಿ ತೆಲಂಗಾಣದಲ್ಲಿ ‘ಜಮ್ಮಿ’, ರಾಜಸ್ಥಾನದಲ್ಲಿ ‘ಖೇಜ್ಡಿ’. ಎರಡೂ ರಾಜ್ಯಗಳಿಗೆ ಇದೇ ರಾಜ್ಯವೃಕ್ಷ.

◆ ಕೇಡಿಗನನ್ನು ಚಪ್ಪಲಿಯಿಂದ ಹೊಡೆಯುವ ವೃತ್ತಿ ಇದೆ ಎಂದರೆ ನಂಬುವಿರಾ? ಹಾಂಗ್‌ಕಾಂಗ್‌ನ ಕಾಸ್‌ವೇ ಬೇ ಬಳಿಯ ಮೇಲ್ಸೇತುವೆಯೊಂದರ ಕೆಳಗೆ ವಯಸ್ಸಾದ ಹೆಂಗಸರು ಮಣೆಯಂಥ ಸಣ್ಣ ಸ್ಟೂಲಿನ ಮೇಲೆ ಕೂತಿರುತ್ತಾರೆ. ನಿಮಗೆ ಕೇಡು ಬಗೆದವನ ಹೆಸರಿನಲ್ಲಿ ಕಾಗದದ ಗೊಂಬೆಯನ್ನು ಇಟ್ಟಿಗೆಯ ಮೇಲಿಟ್ಟು, ಹಳೆಯ ಚಪ್ಪಲಿಯಿಂದ ಚಿಂದಿಯಾಗುವ ತನಕ ಬಡಿದು, ಪ್ರಾಸಕಟ್ಟಿ ಬೈದು, ಕೊನೆಗೆ ಸುಡುತ್ತಾರೆ. ಇದಕ್ಕೆ ‘ದಾ ಸಿಯು ಯನ್’ ಎಂದು ಹೆಸರು. ಮಾರ್ಚ್ 5ರ ಆಸುಪಾಸು, ಚಳಿಗೆ ಮಲಗಿದ್ದ ಹುಳುಗಳು ಗುಡುಗಿಗೆ ಎಚ್ಚರಗೊಳ್ಳುತ್ತವೆ ಎಂದು ಅವರ ಪಂಚಾಂಗ ಹೇಳುವ ದಿನ, ಅಲ್ಲಿ ಸಾಲುಗಟ್ಟಿ ಜನ. ಹಳೆ ಚಪ್ಪಲಿ ನಮ್ಮಲ್ಲೂ ಕೇಡಿಗೆ ಹೆದರಿಕೆಯೇ. ಲಾರಿಯ ಹಿಂದೆ ನೇತಾಡುವುದನ್ನು ನೋಡಿಲ್ಲವೇ? ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಅವ್ವಂದಿರು ಮಾತ್ರ ಯಾರ ಹೆಸರನ್ನೂ ಹಿಡಿಯುವುದಿಲ್ಲ. ಆ ಕಣ್ಣು, ಈ ಕಣ್ಣು, ಹೋಗೋರ ಕಣ್ಣು, ಬರೋರ ಕಣ್ಣು ಎಂದು ಎಲ್ಲರನ್ನೂ ಒಟ್ಟಿಗೆ ಹಿಡಿದು ಒಟ್ಟಿಗೆ ಬಿಟ್ಟುಬಿಡುತ್ತಾರೆ.

◆ ಕೆಟ್ಟವನನ್ನು ಅರೆಯಲು ಕೆಟ್ಟವನೇ ಬೇಕು ಎನ್ನುತ್ತದೆ ಕ್ಯಾಂಟನೀಸ್. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತದೆ ಕನ್ನಡ. ಈ ಎರಡೂ ಮಾತಿನಲ್ಲಿ ಒಳ್ಳೆಯವನಿಗೆ ಪಾತ್ರವೇ ಇಲ್ಲ.

◆ ಒಂದೇ ಗಾದೆ ತಲೆಕೆಳಗಾದದ್ದೂ ಉಂಟು. ಧರ್ಮ ಒಂದು ಅಡಿ ಬೆಳೆದರೆ ದೆವ್ವ ಹತ್ತು ಅಡಿ ಬೆಳೆಯುತ್ತದೆ ಎಂಬುದು ಚೀನೀಯರ ಹಳೆಯ ಎಚ್ಚರಿಕೆ. ಸಾಧನೆಗೆ ಹೊರಟವನು ಮುಂದೆ ಹೋದಷ್ಟೂ ಅಡ್ಡಿ ದೊಡ್ಡದಾಗುತ್ತದೆ ಎಂದು ಅದರ ಅರ್ಥ. ಜನ ಅದನ್ನು ತಿರುಗಿಸಿ, ದೆವ್ವ ಒಂದು ಅಡಿ, ಧರ್ಮ ಹತ್ತು ಅಡಿ ಎಂದು ಮಾಡಿಕೊಂಡರು. ಈಗ ಎರಡೂ ಚಾಲ್ತಿಯಲ್ಲಿವೆ.

◆ ‘ಪಾಪಿ ಚಿರಾಯು.’ ಈ ಎರಡು ಪದದ ಗಾದೆಯನ್ನು ಗಾದೆ ಸಂಗ್ರಹಗಳಿಂದ ಯಾರೂ ಕಿತ್ತು ಹಾಕಲಿಲ್ಲ ಎಂಬುದೇ ನನಗೆ ದೊಡ್ಡ ಸಂಗತಿ. ಒಳ್ಳೆಯವನಿಗೆ ಆಯುಷ್ಯ ಕಡಿಮೆ, ಪೀಡೆ ಮಾತ್ರ ಸಾವಿರ ವರ್ಷ ಉಳಿಯುತ್ತದೆ ಎಂದು ಚೀನೀಯರೂ ಅಷ್ಟೇ ನೇರವಾಗಿ ಒಪ್ಪಿಕೊಂಡಿದ್ದಾರೆ. ‘ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ’ ಎನ್ನುವ ಅದೇ ಬಾಯಿ ಇದನ್ನೂ ಹೇಳುತ್ತದೆ. ಸತ್ಯದ ಮಾತು ನಂಬಿಕೆ, ಪಾಪಿಯ ಮಾತು ಕಂಡದ್ದು. ಎರಡನ್ನೂ ಬಿಡದ ಜನ ನಮ್ಮವರು.

◆ ಕಂಡದ್ದರಲ್ಲಿ ದೊಡ್ಡದು ಕಲ್ಯಾಣದ್ದು. ಹನ್ನೆರಡನೆಯ ಶತಮಾನದಲ್ಲಿ ಕಳಚೂರಿ ಬಿಜ್ಜಳನ ಆಳ್ವಿಕೆ, ಬಸವಣ್ಣ ಅವನ ಭಂಡಾರಿ. ಚಮ್ಮಾರ ಕುಲದ ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಕುಲದ ಮಧುವರಸನ ಮಗಳು ಲಾವಣ್ಯಳಿಗೂ ಶರಣರು ಮದುವೆ ಮಾಡಿದರು. ಲಿಂಗ ಕಟ್ಟಿಕೊಂಡ ಮೇಲೆ ಕುಲ ಉಳಿಯುವುದಿಲ್ಲ ಎಂಬುದು ಅವರ ನಿಲುವು. ಅರಮನೆ ಅದನ್ನು ಒಪ್ಪಲಿಲ್ಲ. ಹರಳಯ್ಯ, ಮಧುವರಸರಿಗೆ ಎಳೆಹೂಟೆ ಶಿಕ್ಷೆಯಾಯಿತು, ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ಶರಣ ಪರಂಪರೆ ನೆನೆಯುತ್ತದೆ. ಬಸವಣ್ಣ ಕೂಡಲಸಂಗಮಕ್ಕೆ ಹೋದರು. 1167ರ ಸುಮಾರಿಗೆ ಬಿಜ್ಜಳನೂ ಕೊಲೆಯಾದ. ಚೆನ್ನಬಸವಣ್ಣನ ಜೊತೆ ಹೊರಟ ಶರಣರು ಬೆನ್ನಟ್ಟಿ ಬಂದ ಸೈನ್ಯದೊಡನೆ ಕಾದಾಡುತ್ತ ಉಳವಿ ಸೇರಿದರು.

ಆ ವರ್ಷ ಯಾರಾದರೂ ಕಲ್ಯಾಣದ ಬೀದಿಯಲ್ಲಿ ನಿಂತು ‘ಒಳ್ಳೆಯದು ಗೆದ್ದಿತೇ’ ಎಂದು ಕೇಳಿದ್ದರೆ ಹೌದು ಎನ್ನುವವರು ಸಿಗುತ್ತಿರಲಿಲ್ಲ. ಮದುವೆಯ ಮನೆ ಹಾಳಾಗಿತ್ತು, ಅನುಭವ ಮಂಟಪ ಬರಿದಾಗಿತ್ತು, ಸಿಂಹಾಸನದ ಮೇಲಿದ್ದವನೂ ಉಳಿಯಲಿಲ್ಲ. ಗಳಿಗೆ ಇನ್ನೂ ಬಂದಿಲ್ಲ ಎನ್ನುವ ಆ ಕ್ಯಾಂಟನೀಸ್ ಮಾತು ನನಗೆ ತಟ್ಟಿದ್ದು ಇಲ್ಲಿ.

ಗಳಿಗೆ ಬಂದದ್ದು ಹೀಗೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿ (1880–1964) ಮನೆಮನೆ ಅಲೆದು ಶರಣರ ವಚನಗಳ ಓಲೆಗರಿ ಕೂಡಿಸಿ 1923ರಲ್ಲಿ ‘ವಚನ ಶಾಸ್ತ್ರಸಾರ’ ಹೊರತಂದರು. ಅಚ್ಚು ಹಾಕಿಸಲು 1925ರಲ್ಲಿ ‘ಹಿತಚಿಂತಕ’ ಎಂಬ ಸ್ವಂತ ಮುದ್ರಣಾಲಯ ತೆರೆದರು. ಪಿ. ಲಂಕೇಶರ ‘ಸಂಕ್ರಾಂತಿ’ (1971), ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990) ಆ ಮದುವೆಯ ಸುತ್ತಲಿನ ಕಲ್ಯಾಣವನ್ನು ರಂಗದ ಮೇಲೆ ತಂದವು. ಊರಿನ ಹೆಸರು ಬಸವಕಲ್ಯಾಣವಾಯಿತು. ಅಲ್ಲಿ 108 ಅಡಿ ಎತ್ತರದ ಬಸವಣ್ಣನ ಮೂರ್ತಿ ನಿಂತಿತು. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನನ್ನು ನಾಡಿನ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಜಾತಿ ಬಿಟ್ಟು ಮದುವೆಯಾದ ಹುಡುಗ ಹುಡುಗಿಯರ ಕೊಲೆಯ ಸುದ್ದಿ ಮಾತ್ರ ಪತ್ರಿಕೆಗಳಲ್ಲಿ ಇನ್ನೂ ನಿಂತಿಲ್ಲ. ಶೀಲವಂತ, ಲಾವಣ್ಯರ ಗಳಿಗೆ ಪೂರ್ತಿ ಬಂದಿದೆ ಎಂದು ನಾನು ಹೇಳಲಾರೆ.

◆ ಸೋತವರ ಕಡೆಗೇ ಊರೆಲ್ಲ ನಿಲ್ಲುವ ಇನ್ನೊಂದು ಹಬ್ಬ ಮೊಹರಂ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಇಮಾಮ್ ಹುಸೇನರೂ ಅವರ ಜೊತೆಗಾರರೂ ನೀರಿಲ್ಲದೆ ಬಳಲಿ ಯಜೀದನ ಸೈನ್ಯದ ಕೈಯಲ್ಲಿ ಮಡಿದರು. ಲೆಕ್ಕಕ್ಕೆ ಗೆದ್ದವನು ಯಜೀದ. ಆದರೆ ಬೀದರ್, ಕಲಬುರಗಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡಿ, ಪಂಜಾ ಎತ್ತಿ, ಅದರ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇದ್ದಾರೆ. ಹಸನ, ಹುಸೇನರ ಕಥೆಯನ್ನು ಅಚ್ಚಗನ್ನಡದಲ್ಲಿ ಹಾಡುವ ರಿವಾಯತ್ ಪದಗಳನ್ನು ಕಟ್ಟಿದವರಲ್ಲೂ ಎರಡೂ ಧರ್ಮದವರಿದ್ದಾರೆ. ಬಾಯಾರಿ ಸತ್ತವರ ನೆನಪಿಗೆ ಅಂದು ದಾರಿಹೋಕರಿಗೆಲ್ಲ ಶರಬತ್ತು.

◆ ಬಸವಕಲ್ಯಾಣದಲ್ಲಿ ರಾಜಾ ಬಾಘ್ ಸವಾರ್ ದರ್ಗಾ ಇದೆ. ಬಾಘ್ ಸವಾರ್ ಎಂದರೆ ಹುಲಿ ಸವಾರ. ಹುಲಿಯನ್ನು ಕೊಂದ ವೀರರ ಕಲ್ಲುಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ, ಹತ್ತಿ ಕೂತವರು ವಿರಳ. ನಮ್ಮ ಪುಣ್ಯಕೋಟಿಯ ಹುಲಿಯಂತೂ ಯಾರ ಕೈಯಲ್ಲೂ ಸಾಯಲಿಲ್ಲ, ಕೊಟ್ಟ ಮಾತಿಗೆ ಮರಳಿ ಬಂದ ಹಸುವನ್ನು ನೋಡಿ ತಾನೇ ಜೀವ ಬಿಟ್ಟಿತು. ಆ ಹಾಡು ಕೇಳುತ್ತ ಬೆಳೆದ ಮಕ್ಕಳು ಹಸುವಿಗೆ ಅತ್ತಷ್ಟೇ ಹುಲಿಗೂ ಅಳುತ್ತಾರೆ.

◆ ಕೊನೆಯದು ಒಂದು ಹಕ್ಕಿಯ ಸುದ್ದಿ. ಸಮುದ್ರ ಕಡೆದಾಗ ಬಂದ ಹಾಲಾಹಲವನ್ನು ಶಿವ ನುಂಗಲೂ ಇಲ್ಲ, ಉಗುಳಲೂ ಇಲ್ಲ, ಗಂಟಲಲ್ಲೇ ಇಟ್ಟುಕೊಂಡ. ಆ ನೀಲಕಂಠನ ಹೆಸರು ಹೊತ್ತ ಹಕ್ಕಿ ಕರ್ನಾಟಕ, ತೆಲಂಗಾಣ, ಒಡಿಶಾ ಮೂರಕ್ಕೂ ರಾಜ್ಯಪಕ್ಷಿ. ತೆಲುಗಿನಲ್ಲಿ ಅದು ಪಾಲಪಿಟ್ಟ. ರಾವಣನ ಮೇಲೆ ಯುದ್ಧಕ್ಕೆ ಹೊರಟ ರಾಮನಿಗೆ ಈ ಹಕ್ಕಿ ಕಂಡಿತ್ತು ಎಂಬ ನಂಬಿಕೆಯಿಂದ ದಸರೆಯ ದಿನ ಅದನ್ನು ನೋಡಲೆಂದೇ ಜನ ಹೊಲದ ಕಡೆ ಹೋಗುತ್ತಾರೆ. ಕರೆಂಟ್ ತಂತಿಯ ಮೇಲೆ ಕೂತಾಗ ಕಂದು ಬಣ್ಣದ ಸಾದಾ ಹಕ್ಕಿ, ಮಿಡತೆ ಹಿಡಿಯಲು ರೆಕ್ಕೆ ಬಿಚ್ಚಿದಾಗಲೇ ನೀಲಿ. ತೊಗರಿ, ಸೋಯಾ ಹೊಲದ ಹುಳ ತಿಂದು ರೈತನಿಗೆ ನೆರವಾಗುವಂಥದು. ಹಬ್ಬದ ದಿನ ಇದನ್ನು ಬಲೆ ಹಾಕಿ ಹಿಡಿದು, ರೆಕ್ಕೆ ಕಟ್ಟಿ, ಪಂಜರದಲ್ಲಿ ತಂದು ಮನೆ ಬಾಗಿಲಿಗೇ ದರ್ಶನ ಮಾಡಿಸುವವರು ಬರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಅಂಥವರಿಗೆ ದುಡ್ಡು ಕೊಡಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬೇಮಳಖೇಡದ ಸುತ್ತಿನ ಹೊಲಗಳಲ್ಲಿ ತಂತಿಯ ಮೇಲೆ ಅದು ಪುಕ್ಕಟೆಯಾಗಿಯೇ ಕೂತಿರುತ್ತದೆ.